ಮೂಸಿ ನೋಡಿ ಹಚ್ಚು

ಕೋಡಿಬಾಗ, ಕಾರವಾರ
ಗುರುವಾರ, ೧೨-೧೨-೨೦೨೪

ಚಿ. ಸೌ. ವಿನುತಾಳಿಗೆ,

ದೇವರ ಮುಂದೆ ದೀಪ ಹಚ್ಚಿ, ಅದೇ ಬೆಳಕಿನ ಪಕ್ಕ ಕುಳಿತು ನಿನ್ನ ಅತ್ತೆ ಗೋದಾವರಿ ಬರೆಯುತ್ತಿರುವ ಪತ್ರ ಇದು. ನಿನಗೂ ಪುಟ್ಟಿಗೂ ನನ್ನ ಆಶೀರ್ವಾದ. ನಿನ್ನ ಅಪ್ಪ ಅಮ್ಮನನ್ನು ಕೇಳಿದೆನೆಂದು ಹೇಳು. ನಿನ್ನ ಬೊಮ್ಮು ಅಜ್ಜಿಗೆ ನಮಸ್ಕಾರ ತಿಳಿಸು.

ದಿನಾ ಫೋನು ಮಾಡುವವಳು ಇದೇನು ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಾನು ಫೋನು ಮಾಡಿದರೆ ನೀವು ಸ್ಪೀಕರ್ ಹಾಕಿ ತೊಟ್ಟಿಲ ಹತ್ತಿರ ಇಡುತ್ತೀರಿ, ಮಗು ಅಜ್ಜಿಯ ಸ್ವರ ಕೇಳಲಿ ಎಂದು. ಅದು ನನಗೆ ಸಂತೋಷವೇ. ಆದರೆ ಕೆಲವು ಮಾತನ್ನು ಹಾಗೆ ಎಲ್ಲರ ನಡುವೆ ಇಟ್ಟು ಆಡಲಿಕ್ಕೆ ಆಗುವುದಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ಪತ್ರದ ಜೊತೆಗೆ ಒಂದು ಬಾಟಲಿ ತೆಂಗಿನೆಣ್ಣೆ ಕಳಿಸಿದ್ದೇನೆ. ನಮ್ಮ ಕೇರಿಯ ದೇವಿದಾಸ ತನ್ನ ಟೆಂಪೋದಲ್ಲಿ ತಂದು ಬಾಳೆಗುಳಿಯಲ್ಲಿ ನಿನ್ನ ಅಪ್ಪನ ಕೈಗೆ ಕೊಡುತ್ತಾನೆ. ಪುಟ್ಟಿಗೆ ಹಚ್ಚಲಿಕ್ಕೆ. ಬೆಳಗಿನ ಚಳಿಗೆ ಗಟ್ಟಿಯಾಗಿದ್ದರೆ ಒಲೆಯ ಮೇಲೆ ಇಡಬೇಡ. ಬಿಸಿಲಿಗಿಡು, ಇಲ್ಲದಿದ್ದರೆ ಬಿಸಿನೀರಿನ ತಂಬಿಗೆಯಲ್ಲಿ ನಿಲ್ಲಿಸು. ಮತ್ತೆ, ಹಚ್ಚುವ ಮೊದಲು ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡು. ಚೆನ್ನಾಗಿ ಮೂಸು. ನಾನು ಮೂಸಿಲ್ಲ. ಮೂಸಿದರೂ ನನಗೆ ತಿಳಿಯುವುದಿಲ್ಲ.

ನನ್ನ ಮೂಗಿಗೆ ವಾಸನೆ ಇಲ್ಲ ಎಂಬುದು ನಿನಗೆ ಗೊತ್ತು. ನಿನಗೆ ಗೊತ್ತಿದೆ ಎಂಬುದು ನನಗೂ ಗೊತ್ತು. ಆದರೂ ಒಂದೇ ಒಲೆಯ ಮುಂದೆ ಇಷ್ಟು ದಿನ ನಿಂತ ನಾವಿಬ್ಬರೂ ಈ ಮಾತನ್ನು ಬಾಯಿಬಿಟ್ಟು ಆಡಿದವರಲ್ಲ.

ಹದಿನೈದು ದಿನದ ಹಿಂದೆ ನಿನ್ನ ಮಾವ ಪುಟ್ಟಿಯನ್ನು ನೋಡಿಕೊಂಡು ಬಂದರಲ್ಲ, ಊಟಕ್ಕೆ ಕುಳಿತವರು ಅನ್ನ ಕಲಸುವುದು ಬಿಟ್ಟು ನಗಲಿಕ್ಕೆ ಶುರು ಮಾಡಿದರು. ಏನೆಂದು ಕೇಳಿದರೆ, ನಾನು ಮೊದಲು ಕಳಿಸಿದ್ದ ಎಣ್ಣೆಯ ಕಥೆ. ಬೊಮ್ಮು ಅಜ್ಜಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿದರಂತೆ. ತಿಕ್ಕಿದ್ದೇ ತಡ, ಬೆಕ್ಕು ಎಲ್ಲಿತ್ತೋ ಓಡಿಬಂದು ಪಕ್ಕದಲ್ಲಿ ಕುಳಿತಿತಂತೆ. ಸ್ನಾನವಾಗಿ ಮಗುವನ್ನು ತೊಟ್ಟಿಲಿಗೆ ಹಾಕಿದರೆ ತೊಟ್ಟಿಲ ಬುಡಕ್ಕೆ ಬಂತಂತೆ. ಅಜ್ಜಿ ಕೇಳಿದರಂತೆ, “ಏ ವಿನುತಾ, ಎಂತದೇ ಇದು? ಮಗುಗೆ ಎಣ್ಣೆ ಹಚ್ಚಿದ್ನೋ ಒಣ ಶೆಟ್ಲಿ ಹುರ್ದ್ನೋ ನಂಗೇ ತಿಳೂದಿಲ್ಲ!” ಎಂದು.

ನಿನ್ನ ಮಾವನಿಗೆ ಬೆಕ್ಕಿನ, ಒಣ ಸಿಗಡಿಯ ಕಥೆ ದೊಡ್ಡದು. ಅವರು ಹೇಳುತ್ತಲೇ ಹೋದರು. ನೀನು ಅಜ್ಜಿಗೆ, ಬಾಟಲಿ ಬಂದ ದಿನ ಮುಚ್ಚಳ ಸರಿ ಹಾಕದೆ ಒಣಮೀನಿನ ಡಬ್ಬಿಯ ಪಕ್ಕ ಇಟ್ಟುಬಿಟ್ಟೆ, ನನ್ನದೇ ತಪ್ಪು ಎಂದಿಯಂತೆ. ಅಜ್ಜಿ ಎಲ್ಲರ ಎದುರಿಗೆ, “ಮೀನ್ಗಾರ್ರ ಮನೆ ಸೇರಿ ನಿಂಗೆ ಮೂಗೇ ಹೋಯ್ತನೇ ಹೆಣ್ಣೆ?” ಎಂದು ಬೈದರಂತೆ. ನೀನು ತಲೆ ತಗ್ಗಿಸಿ ನಕ್ಕಿಯಂತೆ.

ಅವರು ಊಟ ಮುಗಿಸಿ ಕೈ ತೊಳೆದರು. ನನಗೆ ಮಾತ್ರ ಅನ್ನ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋಗಿ ನೋಡಿದೆ. ಪುಟ್ಟಿಯ ಎಣ್ಣೆಗೆಂದು ನಾನೇ ಕಾಯಿ ಒಡೆದು, ಕೊಬ್ಬರಿ ಒಣಗಿಸಿದ್ದೆ. ಗಾಣಕ್ಕೆ ಕೊಡುವವರೆಗೆ ಕಾಗೆ ಕಾಯುತ್ತ ಕುಳಿತಿದ್ದೆ. ಕೊಬ್ಬರಿ ಹರಡಿದ್ದು ಗೋಡೆಗೆ ಒರಗಿಸಿಟ್ಟಿದ್ದ ತೆಂಗಿನ ಮಡಲಿನ ತಟ್ಟಿಯ ಮೇಲೆ. ಅದನ್ನು ತೊಳೆದು ಬಿಸಿಲಿಗೆ ಹಾಕಿಯೇ ಬಳಸಿದ್ದೆ, ಕಣ್ಣಿಗೆ ಸ್ವಚ್ಛವಾಗಿ ಕಂಡಿತ್ತು. ಪಕ್ಕದ ಮನೆಯ ತಿಮ್ಮಿ ಬೇಲಿಯ ಆಚೆ ಮೀನು ಹರಡುತ್ತಿದ್ದಳು. ಕೇಳಿದೆ. ಅವಳು ಸೊಂಟಕ್ಕೆ ಕೈಯಿಟ್ಟು ನಕ್ಕಳು. “ಆ ತಟ್ಟಿನಾ ಗೋದಾವರಿ ಬಾಯಿ? ಹೋದ ವರ್ಷ ಪೂರ್ತಿ ನಾನು ಶೆಟ್ಲಿ ಒಣಗ್ಸಿದ್ದು ಅದ್ರ ಮೇಲೇ ಅಲ್ದಾ? ಹತ್ರ ಹೋದ್ರೆ ಸಾಕು, ಮೂಗಿಗೆ ಹೊಡಿತದೆ. ನಿಂಗೆ ವಾಸ್ನೆ ಬರ್ಲಿಲ್ವಾ?”

“ಬರ್ಲಿಲ್ಲ ತಿಮ್ಮಿ” ಎಂದೆ. ಅವಳು ಅದನ್ನೂ ತಮಾಷೆ ಎಂದುಕೊಂಡು ಮೀನು ಹರಡುತ್ತ ಹೋದಳು.

ತೆಂಗಿನೆಣ್ಣೆಯ ಗುಣ ನಿನಗೆ ನಾನು ಹೇಳಬೇಕಾಗಿಲ್ಲ. ಪಕ್ಕದಲ್ಲಿ ಏನಿದ್ದರೂ ಅದರ ವಾಸನೆಯನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ದೇವರ ದೀಪದ ಎಣ್ಣೆ ಬೇರೆ, ಒಗ್ಗರಣೆಯದು ಬೇರೆ, ಮೀನು ಹುರಿದು ಉಳಿದದ್ದು ಬೇರೆ. ಆ ಉಳಿದದ್ದನ್ನು ಈಳಿಗೆಗೆ ಹಚ್ಚಿದರೆ ಮಳೆಗಾಲದಲ್ಲಿ ತುಕ್ಕು ಹಿಡಿಯುವುದಿಲ್ಲ, ಹಲಸು ಬಿಡಿಸುವಾಗ ಕೈಗೆ ಸವರಿಕೊಂಡರೆ ಮೇಣ ಅಂಟುವುದಿಲ್ಲ. ಇದನ್ನೆಲ್ಲ ನನಗೆ ನನ್ನ ಅತ್ತೆ ಕಲಿಸಿದ್ದು. ಎಣ್ಣೆಯ ಒಂದು ತೊಟ್ಟನ್ನು ಮುಂಗೈಗೆ ತಿಕ್ಕಿ ಮೂಸಿ, ಕಮಟಾಗಿದೆಯೋ ಇಲ್ಲವೋ ಹೇಳುವುದನ್ನೂ ಅವರೇ ಕಲಿಸಿದರು. ಕೇರಿಯಲ್ಲಿ ಯಾರ ಮನೆಗೆ ಗಾಣದಿಂದ ಎಣ್ಣೆ ಬಂದರೂ ಮೊದಲು ನನ್ನ ಹತ್ತಿರ ತರುತ್ತಿದ್ದರು. ಗೋದಾವರಿ ಬಾಯಿ ಹೌದು ಎಂದರೆ ಹೌದು. ಭಜನಾ ಸಪ್ತಾಹದ ನೈವೇದ್ಯದ ಅಡುಗೆ ನನ್ನ ಕೈಗೆ ಬಂದದ್ದೂ ಹಾಗೆಯೇ.

ಆ ದೊಡ್ಡ ಜ್ವರದ ವರ್ಷ ನನಗೂ ಜ್ವರ ಬಂತು, ಹೋಯಿತು. ಹೋಗುವಾಗ ಮೂಗನ್ನು ತೆಗೆದುಕೊಂಡು ಹೋಯಿತು. ಬರುತ್ತದೆ, ಬರುತ್ತದೆ ಎಂದು ಕಾದೆ. ದೇವರಿಗೆ ಹೇಳಿಕೊಂಡೆ. ಮಲ್ಲಿಗೆಗೆ ಮೂಗಿಟ್ಟೆ, ಕರ್ಪೂರಕ್ಕಿಟ್ಟೆ. ಮೂಗಿಲ್ಲದವಳ ಅಡುಗೆಯನ್ನು ಯಾರು ನಂಬಿ ಉಣ್ಣುತ್ತಾರೆ ಎಂಬ ಹೆದರಿಕೆಗೆ ಮನೆಯಲ್ಲೂ ಹೇಳಲಿಲ್ಲ. ಎಣ್ಣೆ ಕಾದಿದೆಯೋ ಎಂದು ಸಾಸಿವೆಯ ಸದ್ದಿನಿಂದ ತಿಳಿದುಕೊಂಡೆ. ಬಂಗಡೆಗೆ ರವೆ ಹಚ್ಚಿ ಕಾವಲಿಗೆ ಹಾಕಿದರೆ, ಸದ್ದು ಸಣ್ಣದಾದಾಗ ಮಗುಚಬೇಕು. ಬೆಳ್ಳುಳ್ಳಿ ಕೆಂಪಾಗುವುದು ಕಣ್ಣಿಗೆ ಕಾಣುತ್ತದೆ. ಹಳೆಯ ಎಣ್ಣೆಯನ್ನು ನಾಲಿಗೆಗೆ ಹಾಕಿಕೊಂಡರೆ ಗಂಟಲು ಹಿಡಿಯುತ್ತದೆ. ಹೇಗೋ ನಡೆಯಿತು. ಒಂದೇ ಒಂದು ಕೆಲಸಕ್ಕೆ ಬೇಸರವಾಗುತ್ತಿತ್ತು. ಮೀನು ಸಾರು ಇಳಿಸಿದ ಮೇಲೆ ಒಂದು ಚಮಚ ಹಸಿ ಎಣ್ಣೆ ಹಾಕಿ ಮುಚ್ಚುತ್ತೇವಲ್ಲ, ಅದು ಬರೀ ಪರಿಮಳಕ್ಕೆ. ಅದನ್ನು ಹಾಕುವಾಗ, ಯಾರಿಗೆ ಹಾಕುತ್ತಿದ್ದೇನೆ, ಯಾಕೆ ಹಾಕುತ್ತಿದ್ದೇನೆ ಎಂದೇ ಅನಿಸುತ್ತಿತ್ತು.

ಆಮೇಲೆ ನೀನು ಬಂದಿ. ನೀವು ಗದ್ದೆಯವರು, ನಾವು ಬಲೆಯವರು. ರೂಪೇಶ ನಿನ್ನನ್ನೇ ಮದುವೆಯಾಗುತ್ತೇನೆ ಎಂದಾಗ ಎರಡೂ ಮನೆಯಲ್ಲಿ ಮುಖ ಊದಿತು, ಸುಳ್ಳೇಕೆ ಹೇಳಲಿ. ಬಂದ ಹೊಸತರಲ್ಲಿ ನೀನು ಮಾತೇ ಆಡುತ್ತಿರಲಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ತಿಮ್ಮಿ ನನ್ನ ಕಿವಿಯಲ್ಲಿ, “ಸೊಸೆಗೆ ಬಾಯಿ ಅದೆಯಾ ಇಲ್ವಾ, ಸರಿ ನೋಡಿ ತಂದ್ರಾ?” ಎಂದು ಕೇಳಿದ್ದಳು.

ಆ ಹಾಲಿನ ದಿನ ನಿನಗೆ ನೆನಪಿದೆಯೇ? ನಾನು ಒಲೆಗೆ ಬೆನ್ನು ಹಾಕಿ ಅಕ್ಕಿ ಆರಿಸುತ್ತ ಕುಳಿತಿದ್ದೆ. ಹಿಂದೆ ಹಾಲು ಉಕ್ಕಿ, ತಳ ಹತ್ತಿ, ಹೊಗೆ ಎದ್ದಿತ್ತು. ನೀನು ಅಂಗಳದಿಂದ ಓಡಿಬಂದಿ. ನಾನು ತಲೆ ಎತ್ತಿ ಏನೇ ಎಂದೆ. ನೀನು ಒಲೆಯನ್ನು ನೋಡಿದಿ, ನನ್ನನ್ನು ನೋಡಿದಿ, ಒಲೆ ಆರಿಸಿ ಪಾತ್ರೆಯನ್ನು ಹೊರಗೆ ಒಯ್ದಿ.

ಮರುದಿನದಿಂದ ನಿನ್ನ ಬಾಯಿ ಬಂತು ನೋಡು! ನಾನು ಎಣ್ಣೆ ಕಾಯಿಸಿದರೆ ನೀನು ಪಕ್ಕದಲ್ಲಿ ನಿಂತು, “ಸಾಸಿವೆ ಆಯ್ತು ಅತ್ತೆ, ಕರಿಬೇವು ಹಾಕಿ. ಆಹಾ, ನಮ್ಮ ಹಿತ್ಲಲ್ಲಿ ನಿಂತ ಹಾಗೆ ಆಗ್ತದೆ.” ಡಬ್ಬಿ ತೆರೆದರೆ, “ಈ ಎಣ್ಣೆ ಈಗ ತುರ್ದ ಕಾಯಿ ಹಾಗೆ ಅದೆ ಅತ್ತೆ.” ತಿಮ್ಮಿಯ ಮನೆಯಲ್ಲಿ ಅನ್ನ ಸೀದರೆ ಅದನ್ನೂ ಹೇಳುತ್ತಿದ್ದಿ. ಸಾರಿಗೆ ಹಸಿ ಎಣ್ಣೆ ಹಾಕಿ ಮುಚ್ಚಿದರೆ, “ಈಗ ನೋಡಿ ಅತ್ತೆ, ಈಗ ಮೀನು ಮನೆಯೊಳಗೆ ಬಂತು” ಎನ್ನುತ್ತಿದ್ದಿ. ಯಾರಾದರೂ ಎಣ್ಣೆ ಮೂಸಲಿಕ್ಕೆ ತಂದರೆ ನನಗಿಂತ ಮೊದಲು ಕೈ ಚಾಚುತ್ತಿದ್ದಿ. “ಅತ್ತೆ ಕೈ ಪೂರ್ತಿ ಮೀನು ಅದೆ, ನನ್ನ ಕೈಗೆ ಹಾಕಿ” ಎನ್ನುವುದು. ತಿಕ್ಕಿ ಮೂಸಿ, “ಚೂರು ಕಮಟು ಅಲ್ದಾ ಅತ್ತೆ?” ಎಂದು ನನ್ನ ಮುಖ ನೋಡುವುದು. ನಾನು ದೊಡ್ಡ ಪಂಡಿತಳ ಹಾಗೆ ಹೌದು ಎನ್ನುವುದು.

ಮೊದಮೊದಲು ನನಗೆ ಕಿರಿಕಿರಿಯಾಗುತ್ತಿತ್ತು. ಇವಳ ಬಾಯಿ ಮುಚ್ಚುವುದೇ ಇಲ್ಲವಲ್ಲ ಎಂದು ರೂಪೇಶನ ಹತ್ತಿರ ದೂರಿದ್ದೂ ಉಂಟು. ಅವನು, “ಅಮ್ಮ, ನನ್ನ ಹತ್ರ ಇವಳು ಇಷ್ಟು ಮಾತಾಡೂದೇ ಇಲ್ಲ” ಎಂದು ಆಶ್ಚರ್ಯಪಟ್ಟ.

ಆ ವರ್ಷ ಸಪ್ತಾಹದಲ್ಲಿ ನೀನು ರಾತ್ರಿಯೆಲ್ಲ ಭಜನೆ ಹೇಳಿ ಗಂಟಲು ಕಟ್ಟಿಕೊಂಡಿ. ಸಪ್ತಾಹ ಮುಗಿದ ಮರುದಿನ ಸ್ವರವೇ ಹೊರಡುತ್ತಿರಲಿಲ್ಲ. ಇವತ್ತಾದರೂ ಅಡುಗೆಮನೆ ತಣ್ಣಗಿರುತ್ತದೆ ಎಂದುಕೊಂಡು ನಾನು ಒಗ್ಗರಣೆಗೆ ಇಟ್ಟೆ. ನೀನು ಬಂದಿ. ಬಾಣಲೆಯ ಮೇಲೆ ಬಗ್ಗಿದಿ, ಮೂಗಿನ ಹತ್ತಿರ ಕೈ ಬೀಸಿಕೊಂಡಿ, ಹುಬ್ಬು ಏರಿಸಿದಿ, ಸಾಕು, ಇಳಿಸಿ ಎಂದು ಬೆರಳು ಆಡಿಸಿದಿ. ಆಮೇಲೆ ಮೀನಿನ ಬುಟ್ಟಿಯ ಹತ್ತಿರ ಹೋಗಿ ಮೂಗು ಹಿಡಿದು, ಕಣ್ಣು ಮೆಳ್ಳಗೆ ಮಾಡಿ, ಬೇಡ ಬೇಡ ಎಂದು ತಲೆಯಾಡಿಸಿದಿ. ನಾನು ನಗುತ್ತ ನಗುತ್ತಲೇ ನಿಂತುಬಿಟ್ಟೆ. ಗಂಟಲು ಹೋದರೂ ಈ ಹುಡುಗಿ ನನಗೆ ಹೇಳುವುದು ಬಿಡಲಿಲ್ಲವಲ್ಲ, ಅವಳು ಇಷ್ಟು ದಿನ ಆಡಿದ್ದು ಹರಟೆಯಲ್ಲ ಎಂದು ಆಗ ಹೊಳೆಯಿತು. ಸೆರಗಿನಿಂದ ಮುಖ ಒರೆಸಿಕೊಂಡೆ. ಮೆಣಸಿನ ಘಾಟು ಎಂದೆ. ಘಾಟೂ ನನಗೆ ಬರುವುದಿಲ್ಲವೆಂದು ನಿನಗೆ ಗೊತ್ತಿತ್ತು. ಆದರೂ ನೀನು ಹೋಗಿ ಕಿಟಕಿ ತೆರೆದಿ.

ನೈವೇದ್ಯದ ಅಡುಗೆಯ ದಿನ ಮಾತ್ರ ನೀನು ಸುಮ್ಮನಿರುತ್ತಿದ್ದಿ. ದೇವರಿಗಿಡುವ ಮೊದಲು ಅದನ್ನು ನಾವು ಮೂಸಬಾರದು, ಪರಿಮಳದ ಮಾತೂ ಆಡಬಾರದು. ಆ ದಿನ ನನಗೆ ಸಮಾಧಾನ. ಮರೆತೂ ಮೂಸಲಾರದ ಮೂಗು, ದೇವರ ಅಡುಗೆಗೆ ಇದಕ್ಕಿಂತ ಮಡಿ ಯಾವುದು ಎಂದುಕೊಳ್ಳುತ್ತಿದ್ದೆ. ಎಣ್ಣೆಯನ್ನು ಮಾತ್ರ ನೀನು ಹಿಂದಿನ ದಿನವೇ ನೋಡಿ, ಒಳ್ಳೆಯದನ್ನು ದೇವರ ಕೋಣೆಯಲ್ಲಿ ತೆಗೆದಿಡುತ್ತಿದ್ದಿ.

ಈಗ ಹೇಳು, ಇಂಥವಳು ನನ್ನಿಂದಾಗಿ ತನ್ನ ತವರಿನಲ್ಲಿ ಬೈಸಿಕೊಂಡರೆ ನನ್ನ ಗಂಟಲಲ್ಲಿ ಅನ್ನ ಹೇಗೆ ಇಳಿಯಬೇಕು? ಮೀನುಗಾರರ ಮನೆ ಸೇರಿ ನಿನ್ನ ಮೂಗು ಹೋಗಿಲ್ಲ. ಆ ಮನೆಯಲ್ಲಿ ಒಬ್ಬಳ ಮೂಗು ಹೋಗಿತ್ತು, ನೀನು ಅವಳಿಗೆ ಮೂಗಾದಿ. ಈ ಪತ್ರವನ್ನು ಬಚ್ಚಿಡಬೇಡ. ಬೊಮ್ಮು ಅಜ್ಜಿಗೆ, ನಿನ್ನ ಅಮ್ಮನಿಗೆ ಪೂರ್ತಿ ಓದಿ ಹೇಳು. ಅವರು ನಗಲಿ, ಏನಾದರೂ ಅನ್ನಲಿ. ಬೀಗಿತ್ತಿಯ ಮುಂದೆ ದೊಡ್ಡಸ್ತಿಕೆ ಉಳಿಸಿಕೊಂಡು ನನಗೇನಾಗಬೇಕು? ಮಗಳನ್ನು ಹೇಗೆ ಬೆಳೆಸಿದ್ದೇವೆಂದು ಅವರಿಗೂ ತಿಳಿಯಲಿ.

ಇಲ್ಲಿಯೂ ಹೇಳಿಯಾಯಿತು. ನಿನ್ನೆ ಊಟಕ್ಕೆ ಬಡಿಸಿ, ನಿನ್ನ ಮಾವನಿಗೂ ರೂಪೇಶನಿಗೂ ಒಟ್ಟಿಗೇ ಹೇಳಿದೆ. ನಿನ್ನ ಮಾವ, “ಅದ್ಕೇನೇ, ಜ್ವರ ಬಿಟ್ಟ ಮೇಲಿಂದ ನನ್ನ ಬೀಡಿಗೆ ಒಂದ್ ದಿನ ಬೈದಿಲ್ಲ ನೀನು! ನಾನು ಎಣ್ಸಿದ್ದೆ, ದೇವರ ದಯದಿಂದ ನಿಂಗೆ ಶಾಂತಿ ಬಂತು ಅಂತ” ಎಂದರು. ಬಿಟ್ಟಿದ್ದೇನೆ ಎಂದು ತುಳಸಿಯ ಮುಂದೆ ಆಣೆ ಮಾಡಿದವರು ಅವರು! ಆಣೆಯ ಮನುಷ್ಯ ತನ್ನ ಬಾಯಿಂದಲೇ ಸಿಕ್ಕಿಬಿದ್ದ. ಈಗ ಮೂಗಿಲ್ಲದೆಯೂ ಬೈಯುತ್ತಿದ್ದೇನೆ, ಚಿಂತೆ ಮಾಡಬೇಡ.

ರೂಪೇಶ ಕೈ ತೊಳೆದು ಬಂದವನು ನೇರ ಅಡುಗೆಮನೆಗೆ ಹೋಗಿ ಗ್ಯಾಸಿನ ಸಿಲಿಂಡರ್ ಮುಂದೆ ಕುಕ್ಕರಗಾಲಲ್ಲಿ ಕುಳಿತ. ರಾತ್ರಿ ಮಲಗುವ ಮುಂಚೆ ವಿನುತಾ ಯಾಕೆ ಒಲೆಯ ಹತ್ತಿರ ಹೋಗಿ ಬರುತ್ತಿದ್ದಳೆಂದು ಈಗ ತಿಳಿಯಿತು ಎಂದ. ನನಗೂ ಆಗಲೇ ತಿಳಿದದ್ದು. ನೀರು ಕುಡಿಯಲಿಕ್ಕೆ ಹೋಗುತ್ತಾಳೆ ಎಂದುಕೊಂಡಿದ್ದೆ. ಮಗು ಬರುವ ಮನೆ ಇದು, ನನ್ನ ಮರ್ಯಾದೆಗಾಗಿ ಇನ್ನೂ ಮುಚ್ಚಿಡುತ್ತಿದ್ದರೆ ದೇವರು ಮೆಚ್ಚುತ್ತಿದ್ದನೇ? ಗ್ಯಾಸ್ ಸೋರಿದರೆ ಕೂಗುವ ಯಂತ್ರ ಸಿಗುತ್ತದಂತೆ, ಅದನ್ನು ತಂದು ಗೋಡೆಗೆ ಹಾಕುತ್ತಾನಂತೆ. ಕೂಗಲಿ, ಒಳ್ಳೆಯದೇ. ಕರಿಬೇವಿನ ಪರಿಮಳ ಬಂದಾಗ ಆಹಾ ಎನ್ನಲಿಕ್ಕೆ ಅದಕ್ಕೆ ಬರುತ್ತದೆಯೇ ಎಂದು ಕೇಳಿದೆ. ಆಗ ಅವನು ನಕ್ಕ.

ಮೊದಲಿನ ಬಾಟಲಿಯನ್ನು ಚೆಲ್ಲಬೇಡ. ಪುಟ್ಟಿಗೂ ದೀಪಕ್ಕೂ ಬೇಡ, ಆದರೆ ಈಳಿಗೆಗೆ, ಕತ್ತಿಗೆ, ಕಿರುಗುಟ್ಟುವ ಬಾಗಿಲಿಗೆ ಆಗುತ್ತದೆ. ಆ ಎಣ್ಣೆ ಗಾಣದಿಂದ ಬಂದ ದಿನ, ಮಗುವಿನ ಎಣ್ಣೆ ಎಂದು ಮೊದಲ ದೀಪವನ್ನು ನಾನು ದೇವರಿಗೇ ಹಚ್ಚಿದ್ದೆ. ಒಣ ಸಿಗಡಿಯ ದೀಪ! ಈಗ ನೆನೆಸಿಕೊಂಡರೆ ನಗುವೂ ಬರುತ್ತದೆ, ಮೈಯೂ ಜುಂ ಎನ್ನುತ್ತದೆ. ಆದರೆ ಅವನು ಏನೂ ಅನ್ನಲಿಲ್ಲ. ಅವನೂ ನಿನ್ನ ಹಾಗೆಯೇ, ಸುಮ್ಮನೆ ತೆಗೆದುಕೊಂಡ.

ಈ ಬಾಟಲಿಯ ಕೊಬ್ಬರಿಯನ್ನು ಹೊಸ ಪಂಚೆ ಹಾಸಿ ಮನೆಯ ಸ್ಲ್ಯಾಬಿನ ಮೇಲೆ ಒಣಗಿಸಿದ್ದು. ತಿಮ್ಮಿಗೆ ಮೂಸಲಿಕ್ಕೆ ಕೊಟ್ಟೆ, ಒಳ್ಳೆಯದಿದೆ ಎಂದಳು. ನಿನ್ನ ಮಾವ ಮೂಸಿದರು, ಅವರೂ ಹಾಗೆಯೇ ಎಂದರು. ಒಬ್ಬಳು ಹುಟ್ಟಿದಾಗಿನಿಂದ ಒಣಮೀನಿನ ನಡುವೆ ಇರುವವಳು, ಇನ್ನೊಬ್ಬರು ಬಲೆಯ ಮೇಲೆಯೇ ಮಲಗುವವರು. ಇವರ ಮೂಗನ್ನು ನಾನು ನಂಬುವುದಿಲ್ಲ. ನೀನು ಮೂಸಿ ನೋಡಿ ಹಚ್ಚು.

ನಿನಗೆ ಉಪಕಾರವಾಯಿತು ಎಂದು ಬರೆದರೆ ಹೊರಗಿನವಳಿಗೆ ಬರೆದ ಹಾಗೆ ಕಾಣುತ್ತದೆ. ಬರೆಯದಿದ್ದರೆ ನನ್ನ ಮನಸ್ಸು ಕೇಳುವುದಿಲ್ಲ. ದೇವರು ನನ್ನಿಂದ ಒಂದನ್ನು ತೆಗೆದುಕೊಂಡ, ಅದನ್ನು ವಾಪಸು ಕೊಡು ಎಂದು ನಾನು ಇಷ್ಟು ದಿನ ಬೇಡಿದೆ. ಅವನು ಕೊಟ್ಟಾಗಿತ್ತು. ಬಾಳೆಗುಳಿಯಿಂದ ಕಳಿಸಿದ್ದ. ನಾನೇ ತಡವಾಗಿ ನೋಡಿದೆ.

ಬಾಣಂತನ ಪೂರ್ತಿ ಮುಗಿಸಿಯೇ ಬಾ, ಅವಸರ ಮಾಡಬೇಡ. ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡು ಬಿಸಿನೀರು ಹಾಕಿಸಿಕೋ. ಇಲ್ಲಿ ಅಡುಗೆಮನೆ ಬಹಳ ತಣ್ಣಗಿದೆ. ಸಾಸಿವೆ ಸಿಡಿದು ಮುಗಿದ ಮೇಲೆ ಯಾರೂ ಏನೂ ಹೇಳುವುದಿಲ್ಲ.

ನಿನ್ನ ದಾರಿ ನೋಡುತ್ತಿರುವ,
ಅತ್ತೆ ಗೋದಾವರಿ

ತಾ.ಕ.: ಒಂದು ಬರೆಯುವುದನ್ನು ಬೇಕೆಂದೇ ಬಿಟ್ಟಿದ್ದೆ. ದೇವಿದಾಸ ಇನ್ನೂ ಟೆಂಪೋ ತೊಳೆಯುತ್ತಿದ್ದಾನೆ, ಬರೆದುಬಿಡುತ್ತೇನೆ. ಆಸ್ಪತ್ರೆಯಲ್ಲಿ ಪುಟ್ಟಿಯನ್ನು ಮೊದಲ ಸಲ ಎತ್ತಿಕೊಂಡಾಗ ನಿನ್ನ ಅಮ್ಮ ಅವಳ ನೆತ್ತಿಗೆ ಮೂಗಿಟ್ಟು ಕಣ್ಣು ಮುಚ್ಚಿದರು. ಅಜ್ಜಿಯೂ ಇಟ್ಟರು. ಆಮೇಲೆ ನನ್ನ ಕೈಗೆ ಕೊಟ್ಟರು. ನಾನೂ ಮೂಗಿಟ್ಟು ಆಹಾ ಎಂದೆ. ನನಗೇನೂ ಸಿಗಲಿಲ್ಲ, ಕೂದಲು ಮೆತ್ತಗೆ ತಾಗಿದ್ದಷ್ಟೇ. ನೀನು ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದಿ. ಏನೋ ಹೇಳಲಿಕ್ಕೆ ಬಾಯಿ ತೆರೆದಿ, ಅಷ್ಟರಲ್ಲಿ ನರ್ಸ್ ಬಂದರು. ಆ ಮಾತು ಹಾಗೆಯೇ ಉಳಿದಿದೆ. ಎಣ್ಣೆ ಹಚ್ಚಿ ಮೀಯಿಸಿದ ಮೇಲೆ ಪುಟ್ಟಿಯ ನೆತ್ತಿ ಎಂತ ಪರಿಮಳ ಎಂದು ನನಗೆ ಹೇಳು. ಫೋನಿನಲ್ಲಿ ಬೇಡ. ಬಂದ ಮೇಲೆ, ಒಲೆಯ ಪಕ್ಕ ನಿಂತು, ಒಗ್ಗರಣೆ ಹೇಳುವ ಹಾಗೆ ನಿಧಾನಕ್ಕೆ ಹೇಳು.